ಕೋಶಪೊರೆಯನ್ನು ಉರು ಹೊಡೆಯಬೇಡಿ, ಆಲೂಗಡ್ಡೆ ಬೀಟ್‌ರೂಟ್ ಇಟ್ಟುಕೊಂಡು ಕಲಿಯಿರಿ

ಮೊದಲ ಪಿಯುಸಿ ಜೀವಶಾಸ್ತ್ರದ ಮಕ್ಕಳೆಲ್ಲರ ಬಾಯಲ್ಲೂ ಒಂದು ಸಾಲು ಇರುತ್ತದೆ: ಕೋಶಪೊರೆ ಕೆಲವು ವಸ್ತುಗಳನ್ನು ಮಾತ್ರ ಆಯ್ದು ಒಳಬಿಡುತ್ತದೆ. ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ, ಯಾಕೆ ಎಂದು ಕೇಳಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ತಪ್ಪು ಮಕ್ಕಳದ್ದಲ್ಲ. ಈ ಪಾಠವನ್ನು ಹೆಸರುಗಳ ಪಟ್ಟಿಯಾಗಿ ಕಲಿಸಿದರೆ ಅದು ತಲೆಯಲ್ಲಿ ನಿಲ್ಲುವುದೇ ಇಲ್ಲ.

ನಾನು ಹೇಳುವ ಕ್ರಮ ಬೇರೆ. ಮೊದಲು ಪೊರೆಯನ್ನು ಕಾಗದದ ಮೇಲೆ ನೀವೇ ಕಟ್ಟಿ. ಆಮೇಲೆ ಯಾವ ವಸ್ತು ಎದುರಾದರೂ ಮೂರೇ ಪ್ರಶ್ನೆ ಕೇಳಿ. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣಾರೆ ನೋಡಿ. ಒಂದು ಭಾನುವಾರ ಸಾಕು. ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರೂ ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

ಕಾಗದದ ಮೇಲೆ ಪೊರೆ ಕಟ್ಟಿ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಸಣ್ಣ ಉಂಡೆ ಬರೆದು ಅದಕ್ಕೆ ಎರಡು ಬಾಲ ಎಳೆಯಿರಿ. ಇದು ಒಂದು ಫಾಸ್ಫೋಲಿಪಿಡ್ ಅಣು. ಉಂಡೆ ಅದರ ತಲೆ, ಅದಕ್ಕೆ ನೀರು ಇಷ್ಟ. ಬಾಲಗಳು ಎಣ್ಣೆಯ ಜಾತಿ, ಅವಕ್ಕೆ ನೀರು ಆಗಿಬರುವುದಿಲ್ಲ. ಈಗ ಪುಸ್ತಕ ಮುಚ್ಚಿಟ್ಟು ಯೋಚಿಸಿ: ಕೋಶದ ಒಳಗೂ ನೀರು, ಹೊರಗೂ ನೀರು. ಇಂಥ ಅಣುಗಳನ್ನು ಹೇಗೆ ಜೋಡಿಸಿದರೆ ಬಾಲಗಳಿಗೆ ನೀರು ತಾಗುವುದಿಲ್ಲ? ಎರಡು ಸಾಲು ಮಾಡಿ. ಒಂದು ಸಾಲಿನ ತಲೆಗಳು ಹೊರಕ್ಕೆ, ಇನ್ನೊಂದರ ತಲೆಗಳು ಒಳಕ್ಕೆ, ಬಾಲಗಳೆಲ್ಲ ನಡುವೆ ಮುಖಾಮುಖಿ. ಇದೇ ಎರಡು ಪದರದ ಪೊರೆ. ಯಾರೂ ಹೊಲಿಯಬೇಕಿಲ್ಲ. ನೀರಿನಲ್ಲಿ ಬಿಟ್ಟರೆ ಈ ಅಣುಗಳು ತಾವಾಗಿಯೇ ಹೀಗೆ ಕೂರುತ್ತವೆ.

ಎರಡು ಪದರ ಎಂದು ಗೊತ್ತಾದದ್ದು 1925ರಲ್ಲಿ. ನೆದರ್ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಹರಡಿದ ಜಾಗ ರಕ್ತಕಣಗಳ ಮೈ ಅಳತೆಯ ಸುಮಾರು ಎರಡರಷ್ಟಿತ್ತು. ರಕ್ತಕಣವನ್ನೇ ಆರಿಸಿಕೊಂಡದ್ದು ಜಾಣತನ. ನಮ್ಮ ಕೆಂಪು ರಕ್ತಕಣದೊಳಗೆ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯ ಇಲ್ಲ, ಅಂದರೆ ಒಳಪೊರೆಗಳೇ ಇಲ್ಲ. ಸಿಕ್ಕ ಕೊಬ್ಬೆಲ್ಲ ಹೊರಪೊರೆಯದೇ. ಅವರ ಲೆಕ್ಕದಲ್ಲಿ ಎರಡು ತಪ್ಪು ನುಸುಳಿದ್ದವು. ಕೊಬ್ಬು ಪೂರ್ತಿ ಬಂದಿರಲಿಲ್ಲ, ರಕ್ತಕಣದ ಮೈ ಅಳತೆಯೂ ಕಡಿಮೆಯಾಗಿತ್ತು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಮಾತ್ರ ಸರಿಯಾಗಿಯೇ ಬಂತು!

ಚಿತ್ರಕ್ಕೆ ಈಗ ಪ್ರೋಟೀನ್ ಸೇರಿಸಿ. ಕೆಲವು ಪೊರೆಯ ಈ ಬದಿಯಿಂದ ಆ ಬದಿಗೆ ಪೂರ್ತಿ ತೂರಿರಲಿ, ಕೆಲವು ಮೇಲ್ಮೈಗೆ ಮಾತ್ರ ಅಂಟಿರಲಿ. ಪ್ರಾಣಿಕೋಶವಾದರೆ ಬಾಲಗಳ ನಡುವೆ ಅಲ್ಲಲ್ಲಿ ಕೊಲೆಸ್ಟೆರಾಲ್ ಇಡಿ. ಹೊರಮೈಯಲ್ಲಿ ಸಕ್ಕರೆಯ ಸಣ್ಣ ಸರಗಳನ್ನು ಎಳೆಯಿರಿ. ಹೊರಮೈಯಲ್ಲಿ ಮಾತ್ರ, ಒಳಗಡೆ ಬೇಡ. ಎ, ಬಿ, ಒ ರಕ್ತದ ಗುಂಪುಗಳಲ್ಲಿ ಇರುವ ವ್ಯತ್ಯಾಸ ಈ ಸರಗಳ ತುದಿಯ ಸಕ್ಕರೆಯದೇ.

ಇಷ್ಟೆಲ್ಲ ಸೇರಿದರೂ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ನೀವು ಚಿತ್ರ ಬರೆಯುತ್ತಿರುವ ಹಾಳೆಯ ದಪ್ಪ ಬರಬೇಕಾದರೆ ಇಂಥ ಪೊರೆಗಳನ್ನು ಹನ್ನೆರಡು ಸಾವಿರಕ್ಕೂ ಹೆಚ್ಚು ಪೇರಿಸಬೇಕು.

ಚಿತ್ರ ಮುಗಿದ ಮೇಲೆ ಒಂದು ಮಾತು ನೆನಪಿಡಿ. ಕಾಗದದ ಮೇಲೆ ಎಲ್ಲವೂ ನಿಂತಿದೆ, ನಿಜದಲ್ಲಿ ಯಾವುದೂ ನಿಂತಿಲ್ಲ. ತೇರಿನ ದಿನ ರಥಬೀದಿಯಲ್ಲಿ ಜನ ಒತ್ತೊತ್ತಾಗಿದ್ದರೂ ಪಕ್ಕಕ್ಕೆ ಸರಿಯುತ್ತಲೇ ಇರುತ್ತಾರಲ್ಲ, ಅಣುಗಳೂ ಹಾಗೆಯೇ ಸರಿಯುತ್ತಿರುತ್ತವೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇದನ್ನು ತೋರಿಸಿದರು. ಇಲಿಯ ಒಂದು ಕೋಶ, ಮನುಷ್ಯನ ಒಂದು ಕೋಶ ಬೆಸೆದು, ಎರಡರ ಪ್ರೋಟೀನುಗಳಿಗೂ ಬೇರೆ ಬೇರೆ ಹೊಳೆಯುವ ಬಣ್ಣ ಹಚ್ಚಿದರು. ಮೊದಲು ಅರ್ಧ ಕೋಶ ಒಂದು ಬಣ್ಣ, ಇನ್ನರ್ಧ ಇನ್ನೊಂದು. 37 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಇಟ್ಟರೆ ಎರಡೂ ಬಣ್ಣ ಬೆರೆತುಹೋಗಿದ್ದವು. ತಣ್ಣಗೆ ಇಟ್ಟಾಗ ಬೆರೆಯಲಿಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ‘ಫ್ಲೂಯಿಡ್ ಮೊಸಾಯಿಕ್’ ಮಾದರಿಯ ತಿರುಳು ಇದೇ.

ಪ್ರತಿ ವಸ್ತುವಿಗೂ ಮೂರು ಪ್ರಶ್ನೆ

ಸಾಗಣೆಯ ಪಾಠದಲ್ಲಿ ಹೆಸರುಗಳು ಜಾಸ್ತಿ. ಸರಳ ವಿಸರಣೆ, ಅನುಕೂಲಿತ ವಿಸರಣೆ, ಅಭಿಸರಣೆ, ಸಕ್ರಿಯ ಸಾಗಣೆ. ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಬದಲಿಗೆ ಇಷ್ಟು ಕೇಳಿ:

1. ಇದು ನಡುವಿನ ಎಣ್ಣೆ ಪದರವನ್ನು ತಾನಾಗಿ ದಾಟಬಲ್ಲದೇ?
2. ದಾಟಲಾರದು ಅಂದರೆ, ಇದಕ್ಕೆಂದೇ ಒಂದು ಪ್ರೋಟೀನ್ ಇದೆಯೇ?
3. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತಿದೆಯೇ, ಅಥವಾ ಅದಕ್ಕೆ ವಿರುದ್ಧವಾಗಿಯೇ?

ಆಮ್ಲಜನಕ ತೆಗೆದುಕೊಳ್ಳಿ. ಪುಟ್ಟ ಅಣು, ವಿದ್ಯುದಂಶವಿಲ್ಲ. ಎಣ್ಣೆ ಪದರವನ್ನು ಸಲೀಸಾಗಿ ದಾಟುತ್ತದೆ. ಮೊದಲ ಪ್ರಶ್ನೆಯಲ್ಲೇ ಕೆಲಸ ಮುಗಿಯಿತು, ಇದು ಸರಳ ವಿಸರಣೆ. ಗ್ಲೂಕೋಸ್? ದೊಡ್ಡದು, ನೀರಿಗೆ ಒಲಿದದ್ದು. ದಾಟಲಾರದು. ಅದಕ್ಕೆ ವಾಹಕ ಪ್ರೋಟೀನ್ ಇದೆ. ರಕ್ತದಲ್ಲಿ ಹೆಚ್ಚು, ಸ್ನಾಯುಕೋಶದಲ್ಲಿ ಕಡಿಮೆ, ಹಾಗಾಗಿ ಶಕ್ತಿ ಖರ್ಚಿಲ್ಲದೆ ಒಳಗೆ ಹೋಗುತ್ತದೆ. ಇದು ಅನುಕೂಲಿತ ವಿಸರಣೆ. ಇನ್ಸುಲಿನ್ ಬಂದಾಗ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಒಳಗಿಟ್ಟುಕೊಂಡಿದ್ದ ಗ್ಲೂಕೋಸ್ ವಾಹಕಗಳನ್ನು ಪೊರೆಗೆ ತಂದು ಕೂರಿಸುತ್ತವೆ. ಸಕ್ಕರೆ ಕಾಯಿಲೆಯ ಪಾಠ ಓದುವಾಗ ಇದು ಬೇಕಾಗುತ್ತದೆ.

ಸೋಡಿಯಂ ಅಯಾನು ತೀರಾ ಪುಟ್ಟದು. ಆದರೂ ಎಣ್ಣೆ ಪದರ ದಾಟಲಾರದು, ಯಾಕೆಂದರೆ ಅದಕ್ಕೆ ವಿದ್ಯುದಂಶವಿದೆ. ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ. ಅಳತೆಯೊಂದೇ ಮುಖ್ಯ ಎಂದುಕೊಂಡರೆ ಸಾಲದು.

ನೀರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ನೀರು ಎಣ್ಣೆ ಪದರವನ್ನು ಅಷ್ಟಿಷ್ಟು ದಾಟುತ್ತದೆ. ಆದರೆ ಮೂತ್ರಪಿಂಡದಂಥ ಕಡೆ ಓಡಾಡುವ ವೇಗಕ್ಕೆ ಅದು ಸಾಲದು. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಮತ್ತು ಜೊತೆಗಾರರು ನೀರಿಗೆಂದೇ ಇರುವ ಕಾಲುವೆ ಪ್ರೋಟೀನನ್ನು ತೋರಿಸಿಕೊಟ್ಟರು. ಪ್ರಯೋಗ ನೋಡಿ, ಎಷ್ಟು ಸರಳ! ಕಪ್ಪೆಯ ಮೊಟ್ಟೆಕೋಶ ತೆಳು ದ್ರಾವಣದಲ್ಲಿ ಹಾಕಿದರೂ ಬೇಗ ಉಬ್ಬುವುದಿಲ್ಲ. ಅದಕ್ಕೆ ಈ ಪ್ರೋಟೀನ್ ತಯಾರಿಸುವ ಆರ್‌ಎನ್‌ಎ ಚುಚ್ಚಿ ಅದೇ ದ್ರಾವಣಕ್ಕೆ ಹಾಕಿದರು. ನಿಮಿಷಗಳಲ್ಲಿ ಉಬ್ಬಿ ಒಡೆಯಿತು. ಆ ಪ್ರೋಟೀನಿಗೆ ಅಕ್ವಾಪೋರಿನ್ ಎಂದು ಹೆಸರಾಯಿತು. 2003ರಲ್ಲಿ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಆಲೂಗಡ್ಡೆ: ನೀರು ಯಾವ ಕಡೆ ಹೋಯಿತು?

ಬೇಕಾದದ್ದು: ಒಂದು ಗಟ್ಟಿ ಆಲೂಗಡ್ಡೆ, ಮೂರು ಲೋಟ, ಉಪ್ಪು, ಚಾಕು, ಸ್ಕೇಲ್.

ಸಿಪ್ಪೆ ಹೆರೆದು ಒಂದೇ ಅಳತೆಯ ಕಡ್ಡಿಗಳನ್ನು ಕತ್ತರಿಸಿ, 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ದಪ್ಪ. ಮೊದಲ ಲೋಟಕ್ಕೆ ಬರೀ ನೀರು. ಎರಡನೆಯದಕ್ಕೆ 200 ಮಿಲಿ ನೀರು, ಒಂದು ಟೀ ಚಮಚ ಉಪ್ಪು. ಮೂರನೆಯದಕ್ಕೂ ಅದೇ ಉಪ್ಪುನೀರು, ಆದರೆ ಅದರಲ್ಲಿ ಹಾಕುವುದು ಬೇಯಿಸಿದ ಕಡ್ಡಿ. ಪುಡಿಯಾಗದಷ್ಟು ಮಾತ್ರ ಬೇಯಿಸಿ, ಆರಿಸಿ ಹಾಕಿ. ಎರಡು ಗಂಟೆ ಬಿಡಿ.

ಆಮೇಲೆ ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಾಗುತ್ತದೆ. ಬರೀ ನೀರಿನ ಕಡ್ಡಿ ಬಿಗಿಯಾಗಿರುತ್ತದೆ, ಬಗ್ಗಿಸಹೋದರೆ ಲಟಕ್ಕನೆ ಮುರಿಯುತ್ತದೆ. ಉಪ್ಪುನೀರಿನ ಹಸಿ ಕಡ್ಡಿಯನ್ನು ಬಗ್ಗಿಸಿದರೆ ಮುರಿಯದೆ ಬಾಗುತ್ತದೆ. ಅದರೊಳಗಿನ ನೀರು ಹೊರಗೆ ಹೋಗಿದೆ. ಪೊರೆ ಉಪ್ಪನ್ನು ತಡೆಯಿತು, ನೀರನ್ನು ಬಿಟ್ಟಿತು. ಕರಗಿದ ವಸ್ತು ಜಾಸ್ತಿ ಇರುವ ಕಡೆಗೆ ನೀರು ಹೊರಟಿತು. ಇದೇ ಅಭಿಸರಣೆ. ಬೇಯಿಸಿದ ಕಡ್ಡಿ ಹಾಕಿದ್ದು ಯಾಕೆ? ಬೆಂದಾಗ ಪೊರೆ ಹಾಳಾಗುತ್ತದೆ. ಉಪ್ಪು ಸಲೀಸಾಗಿ ಒಳಗೆ ಹೋಗಿಬಿಡುತ್ತದೆ. ತಡೆಯುವ ಪೊರೆ ಇಲ್ಲ ಅಂದ ಮೇಲೆ ಅಭಿಸರಣೆಯೂ ಇಲ್ಲ. ಒಂದು ತುಣುಕು ಕಚ್ಚಿ ನೋಡಿ, ಉಪ್ಪು ಒಳಗೆ ಹೊಕ್ಕಿರುವುದು ನಾಲಿಗೆಗೇ ತಿಳಿಯುತ್ತದೆ. ಸಾರಿನಲ್ಲಿ ಬೆಂದ ಆಲೂಗಡ್ಡೆ ರುಚಿ ಹಿಡಿಯುವುದೂ ಇದೇ ಕಾರಣಕ್ಕೆ.

ಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. 100 ಮಿಲಿ ನೀರಿಗೆ 0, 4, 8, 12, 16 ಗ್ರಾಂ ಸಕ್ಕರೆ ಹಾಕಿ ಐದು ಲೋಟ ಮಾಡಿ. ತೂಕ ಕಡಿಮೆ ಬರುವ ಕಾರಣ ಲೋಟಕ್ಕೆ ಐದಾರು ಕಡ್ಡಿ ಒಟ್ಟಿಗೆ ತೂಗಿ ಹಾಕಿ. ಎರಡು ಗಂಟೆಯ ನಂತರ ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ತೆಳು ದ್ರಾವಣದಲ್ಲಿದ್ದವು ತೂಕ ಏರಿರುತ್ತವೆ, ಗಟ್ಟಿ ದ್ರಾವಣದಲ್ಲಿದ್ದವು ಇಳಿದಿರುತ್ತವೆ. ಏರದೆ ಇಳಿಯದೆ ಇರುವ ಬಿಂದು ಸಾಮಾನ್ಯವಾಗಿ 8ರಿಂದ 10 ಗ್ರಾಂ ಆಸುಪಾಸು ಸಿಗುತ್ತದೆ. ಆಲೂಗಡ್ಡೆ ಹಳೆಯದಾದರೆ ಸ್ವಲ್ಪ ಆಚೀಚೆ. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಆ ಬಿಂದುವನ್ನು ಕಂಡುಹಿಡಿದ ಮಗುವಿಗೆ ಸಮಸಾರ (ಐಸೊಟಾನಿಕ್) ದ್ರಾವಣ ಅಂದರೇನು ಎಂದು ಮತ್ತೆ ಹೇಳಿಕೊಡಬೇಕಾಗಿಲ್ಲ.

ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುತ್ತೇವಲ್ಲ, ಅದರ ಹಿಂದೆಯೂ ಇದೇ ಇದೆ. ಮುಂಚೆಯೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಮೆತ್ತಗಾಗುತ್ತದೆ. ಮಿಡಿ ಉಪ್ಪಿನಕಾಯಿಗೆ ಮಾತ್ರ ಅದೇ ಬೇಕು. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಮಾವು ನೀರು ಬಿಟ್ಟು ಸುಕ್ಕಾಗುತ್ತದೆ. ಅಷ್ಟು ಗಟ್ಟಿ ಉಪ್ಪುನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೂ ನೀರು ಕಳೆದುಕೊಂಡು ಸೊರಗುತ್ತವೆ.

ಕಾಲೇಜಿನ ಲ್ಯಾಬಿನಲ್ಲಿ ರಿಯೋ ಎಂಬ ಗಿಡದ ಎಲೆಯ ಅಡಿಭಾಗದ ನೇರಳೆ ಸಿಪ್ಪೆ ಕೊಡುತ್ತಾರೆ. ಸೂಕ್ಷ್ಮದರ್ಶಕದಡಿ ಇಟ್ಟು ಉಪ್ಪುನೀರಿನ ಹನಿ ಬಿಟ್ಟಾಗ ಅವಸರ ಮಾಡಬೇಡಿ. ಒಂದೇ ಕೋಶದ ಮೇಲೆ ಕಣ್ಣಿಟ್ಟಿರಿ. ನೇರಳೆ ಬಣ್ಣ ಮೂಲೆಗಳಿಂದ ಬಿಟ್ಟುಕೊಂಡು ನಡುವಿಗೆ ಕುಗ್ಗುತ್ತಾ ಹೋಗುತ್ತದೆ. ಹೊರಗಿನ ಚೌಕಟ್ಟು ಇದ್ದಲ್ಲೇ ಇರುತ್ತದೆ. ಆ ಚೌಕಟ್ಟು ಕೋಶಭಿತ್ತಿ, ಕುಗ್ಗಿದ್ದರ ಅಂಚು ಕೋಶಪೊರೆ. ಭಿತ್ತಿ ಬೇರೆ, ಪೊರೆ ಬೇರೆ ಎಂಬುದು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ತಡಮಾಡದೆ ಬರೀ ನೀರು ಬಿಟ್ಟರೆ ಮತ್ತೆ ಹಿಗ್ಗುವುದನ್ನೂ ನೋಡಬಹುದು.

ವಿನೆಗರ್‌ನಲ್ಲಿ ಚಿಪ್ಪು ಕರಗಿಸಿದ ಕೋಳಿಮೊಟ್ಟೆಯ ಪ್ರಯೋಗವನ್ನು ಹಲವರು ತೋರಿಸುತ್ತಾರೆ. ನೋಡಲು ಚೆಂದ. ಆದರೆ ಅಲ್ಲಿ ಉಳಿಯುವ ಪೊರೆ ಪ್ರೋಟೀನ್ ಎಳೆಗಳ ಹಾಳೆ, ಕೋಶಪೊರೆ ಅಲ್ಲ. ಅಭಿಸರಣೆ ತೋರಿಸಲು ಅಡ್ಡಿಯಿಲ್ಲ, ಕೋಶಪೊರೆ ತೋರಿಸಲು ಆಲೂಗಡ್ಡೆಯೇ ಸರಿ.

ಬೀಟ್‌ರೂಟ್: ಪೊರೆ ಹರಿದರೆ ಏನಾಗುತ್ತದೆ

ಬೀಟ್‌ರೂಟಿನ ಕೆಂಪು ಬಣ್ಣ ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿದೆ. ಅದು ಹೊರಬರಬೇಕಾದರೆ ರಸದಾನಿಯ ಪೊರೆ, ಕೋಶಪೊರೆ ಎರಡನ್ನೂ ದಾಟಬೇಕು. ಸುಮ್ನೆ ಬರುವುದಿಲ್ಲ.

ಸಣ್ಣ ತುಂಡು ಮಾಡಿ, ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಈ ಹೆಜ್ಜೆ ಬಿಡಬೇಡಿ. ಕತ್ತರಿಸುವಾಗ ಒಡೆದ ಕೋಶಗಳ ಬಣ್ಣ ಉಳಿದರೆ ಎಲ್ಲ ಲೋಟವೂ ಕೆಂಪಾಗಿ ಏನೂ ತಿಳಿಯುವುದಿಲ್ಲ. ಆಮೇಲೆ ನಾಲ್ಕು ಲೋಟಕ್ಕೆ ಸಮವಾಗಿ ಹಾಕಿ: ತಣ್ಣೀರು, ಕೈ ಸುಡುವಷ್ಟು ಬಿಸಿ ನೀರು, ಸ್ಪಿರಿಟ್, ಮತ್ತು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ಕರಗಿಸಿದ ತುಂಡಿಗೆ ತಣ್ಣೀರು. ಸ್ಪಿರಿಟ್ ಬೆಂಕಿ ಹತ್ತುವ ವಸ್ತು, ಒಲೆಯಿಂದ ದೂರ ಇಡಿ. ಅರ್ಧ ಗಂಟೆ ಕಾಯಿರಿ.

ತಣ್ಣೀರು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮಿಕ್ಕ ಮೂರೂ ಕೆಂಪಾಗುತ್ತವೆ, ಮೂರಕ್ಕೂ ಕಾರಣ ಬೇರೆ ಬೇರೆ. ಬಿಸಿಗೆ ಪೊರೆಯ ಪ್ರೋಟೀನುಗಳು ಆಕಾರ ಕೆಡಿಸಿಕೊಂಡವು, ಕೊಬ್ಬಿನ ಪದರ ಸಡಿಲವಾಯಿತು. ಸ್ಪಿರಿಟ್ ಕೊಬ್ಬಿನ ಜೋಡಣೆಯನ್ನೇ ಕದಡಿತು. ಫ್ರೀಜರಿನಲ್ಲಿ ಮಂಜಿನ ಹರಳುಗಳು ಪೊರೆಯನ್ನು ಹರಿದುಹಾಕಿದವು. ಸೋಪು, ಸ್ಯಾನಿಟೈಸರ್ ಕೊರೊನಾ ವೈರಸ್ಸನ್ನು ಹಾಳುಮಾಡುವುದು ಹೀಗೆಯೇ, ಯಾಕೆಂದರೆ ಅದರ ಹೊರಹೊದಿಕೆಯೂ ಕೊಬ್ಬಿನ ಎರಡು ಪದರದ್ದೇ.

ಪಂಪ್: ಖರ್ಚು ಮಾಡಿ ಕಾಯ್ದುಕೊಳ್ಳುವ ವ್ಯತ್ಯಾಸ

ಮೂರನೆಯ ಪ್ರಶ್ನೆಗೆ ಬನ್ನಿ. ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ತಳ್ಳಬೇಕಾದರೆ ಶಕ್ತಿ ಬೇಕು. ಇದು ಸಕ್ರಿಯ ಸಾಗಣೆ. ಇಲ್ಲಿ ಒಂದನ್ನೇ ಚೆನ್ನಾಗಿ ಕಲಿತರೆ ಸಾಕು, ಸೋಡಿಯಂ ಪೊಟ್ಯಾಸಿಯಂ ಪಂಪ್. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು. 40 ವರ್ಷದ ನಂತರ, 1997ರಲ್ಲಿ, ನೊಬೆಲ್ ಸಿಕ್ಕಿತು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಒಂದು ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಕೈಬೆರಳಿನಲ್ಲಿ ಎಣಿಸಿ ಹೇಳಿಕೊಂಡರೆ ತಿರುಗುಮುರುಗಾಗುವುದಿಲ್ಲ.

ಇದರ ಫಲವಾಗಿ ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ರಕ್ತದಲ್ಲಿ ಸುಮಾರು 4. ಸೋಡಿಯಂ ಇದಕ್ಕೆ ಉಲ್ಟಾ. ಲ್ಯಾಬ್ ವರದಿಯಲ್ಲಿ ಕೆಲವೊಮ್ಮೆ ‘ಸ್ಯಾಂಪಲ್ ಹೀಮೊಲೈಸ್ ಆಗಿದೆ, ಮತ್ತೆ ರಕ್ತ ಕೊಡಿ’ ಎಂದು ಬರೆದಿರುತ್ತಾರೆ. ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಿದ್ದಿದೆ, ಅಂಕಿ ಸುಳ್ಳೇ ಏರಿದೆ ಎಂದು ಅದರ ಅರ್ಥ. ಗಾಬರಿಯಾಗದೆ ಮತ್ತೆ ಕೊಟ್ಟು ಬನ್ನಿ.

ಇಡೀ ಕಣವನ್ನೇ ಪೊರೆಯಿಂದ ಸುತ್ತಿ ನುಂಗುವುದು, ಚೀಲ ಕಟ್ಟಿ ಹೊರಹಾಕುವುದು ಇನ್ನೊಂದು ಬಗೆ. ಬಿಳಿ ರಕ್ತಕಣ ಬ್ಯಾಕ್ಟೀರಿಯಾ ನುಂಗುವುದು, ಮೇದೋಜೀರಕದ ಕೋಶ ಇನ್ಸುಲಿನ್ ಹೊರಬಿಡುವುದು ಅದರ ಉದಾಹರಣೆ. ಇದಕ್ಕೂ ಶಕ್ತಿ ಬೇಕು.

ಓಆರ್‌ಎಸ್: ಪಾಠವೆಲ್ಲ ಒಂದು ಲೋಟದಲ್ಲಿ

ಈ ಭಾಗವನ್ನು ಪರೀಕ್ಷೆಗಾಗಿ ಅಲ್ಲ, ಮನೆಗಾಗಿ ಓದಿ. ಓಆರ್‌ಎಸ್ ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆಯ ನೀರು.

ಭೇದಿಯಾದಾಗ ಬರೀ ನೀರು ಕುಡಿದರೆ ಸಾಲದು, ಉಪ್ಪು ಮಾತ್ರ ಬೆರೆಸಿದರೂ ಸಾಲದು. ಸಕ್ಕರೆ ಬೇಕೇ ಬೇಕು. ಶಕ್ತಿಗಾಗಿ ಅಂದುಕೊಳ್ಳುತ್ತೇವೆ, ಮುಖ್ಯ ಕಾರಣ ಅದಲ್ಲ. ಕರುಳಿನ ಕೋಶದ ಪೊರೆಯಲ್ಲಿ ಒಂದು ವಾಹಕ ಪ್ರೋಟೀನ್ ಇದೆ. ಅದು 2 ಸೋಡಿಯಂ ಮತ್ತು 1 ಗ್ಲೂಕೋಸನ್ನು ಜೊತೆಯಾಗಿಯೇ ಒಳಗೆ ತರುತ್ತದೆ. ಜೊತೆ ಸಿಗದಿದ್ದರೆ ಅದರ ಕೆಲಸ ನಡೆಯದು. ಇವು ಹೀಗೆ ಜೊತೆಯಾಗಿ ಸಾಗುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದರು. ಕೋಶದ ಇನ್ನೊಂದು ಬದಿಯಲ್ಲಿ ನಾವು ಈಗಷ್ಟೇ ಓದಿದ ಪಂಪ್ ಸೋಡಿಯಮನ್ನು ಹೊರಹಾಕುತ್ತಾ ಒಳಗೆ ಅದು ಕಡಿಮೆ ಇರುವಂತೆ ನೋಡಿಕೊಳ್ಳುತ್ತದೆ. ಅದಕ್ಕೇ ಸೋಡಿಯಂ ಕರುಳಿನಿಂದ ಒಳಗೆ ಬರುತ್ತಲೇ ಇರುತ್ತದೆ, ಗ್ಲೂಕೋಸನ್ನೂ ಎಳೆದು ತರುತ್ತದೆ. ಇವೆರಡರ ಹಿಂದೆ ನೀರು ಬರುತ್ತದೆ.

ಕಾಲರಾದಲ್ಲಿ ರೋಗಾಣುವಿನ ವಿಷ ಕರುಳಿನ ಕೋಶದ ಕ್ಲೋರೈಡ್ ಕಾಲುವೆಗಳನ್ನು ತೆರೆದಿಟ್ಟುಬಿಡುತ್ತದೆ. ಉಪ್ಪು, ನೀರು ಹೊರಗೆ ಸುರಿಯುತ್ತದೆ. ಆದರೆ ಸೋಡಿಯಂ ಗ್ಲೂಕೋಸ್ ವಾಹಕಕ್ಕೆ ಏನೂ ಆಗಿರುವುದಿಲ್ಲ. ಆ ಒಂದು ದಾರಿ ಉಳಿದಿರುವುದರಿಂದಲೇ ರೋಗಿ ಬದುಕಬಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಗ್ಲೂಕೋಸಿನ ನೀರನ್ನೇ ಡ್ರಮ್‌ಗಳಲ್ಲಿ ತುಂಬಿಸಿ ಕುಡಿಸಿದರು. ಮನೆಯವರೇ ರೋಗಿಗಳಿಗೆ ಕುಡಿಸುತ್ತಿದ್ದರು. ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಇನ್ನು ಮಾಡುವ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ ಇದ್ದರೆ ಅದೇ ಉತ್ತಮ. ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಅದರಲ್ಲಿರುತ್ತದೆ. ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅಂದಾಜಿನಲ್ಲಿ ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಕದಡಬೇಡಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಾಶಿ ಚಮಚ ಬೇಡ. ಮಾಡಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ವಾಂತಿಯಾಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ರುಚಿಯಾಗಲಿ ಎಂದು ಸಕ್ಕರೆ ಜಾಸ್ತಿ ಹಾಕಿದರೆ? ಆಲೂಗಡ್ಡೆಯ ಲೋಟವನ್ನು ನೆನಪಿಸಿಕೊಳ್ಳಿ. ರಕ್ತದ ಸಾಂದ್ರತೆ, ಅಂದರೆ ಅದರಲ್ಲಿ ಕರಗಿದ ಕಣಗಳ ಅಳತೆ, ಲೀಟರಿಗೆ ಸುಮಾರು 290 ಮಿಲಿಆಸ್ಮೋಲ್, ಸರಿಯಾದ ಓಆರ್‌ಎಸ್‌ನದು 245. ಹಾಗಾಗಿ ನೀರು ಕರುಳಿನಿಂದ ದೇಹಕ್ಕೆ ಬರುತ್ತದೆ. ಸಿಹಿ ಹೆಚ್ಚಾಗಿ ಈ ಅಂಕಿ ರಕ್ತದ್ದನ್ನು ಮೀರಿದರೆ ನೀರು ದೇಹದಿಂದ ಕರುಳಿಗೆ ಹೋಗುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ತಂಪು ಪಾನೀಯ, ಡಬ್ಬಿಯ ಜ್ಯೂಸ್ ಕೊಡಬಾರದು ಎನ್ನುವುದು ಇದಕ್ಕೇ.

ಈಗ ನಿಮ್ಮ ಸರದಿ

ಚಿತ್ರ ಬರೆಯುವಾಗ ಪ್ರತಿ ಫಾಸ್ಫೋಲಿಪಿಡ್‌ಗೂ ಎರಡು ಬಾಲ ಇದೆಯಾ ನೋಡಿ. ಸಾಗಣೆಯ ಬಾಣ ಎಳೆದಾಗ ಯಾವ ಕಡೆ ಸಾಂದ್ರತೆ ಹೆಚ್ಚು ಎಂದು ಬರೆಯಿರಿ, ಪಂಪ್ ಇದ್ದಲ್ಲಿ ಎಟಿಪಿ ಗುರುತಿಸಿ. ಆಮೇಲೆ ಈ ಪ್ರಶ್ನೆಗಳನ್ನು ಪುಸ್ತಕ ನೋಡದೆ ಬಿಡಿಸಿ.

ಸಲೈನ್ ಬಾಟಲಿಯಲ್ಲಿ ಶೇ 0.9ರಷ್ಟೇ ಉಪ್ಪು ಯಾಕೆ? ಅಷ್ಟಿದ್ದರೆ ರಕ್ತಕಣದ ಒಳಗೂ ಹೊರಗೂ ಸಾಂದ್ರತೆ ಸಮ. ಬರೀ ನೀರು ಹೋದರೆ ರಕ್ತಕಣ ಉಬ್ಬಿ ಒಡೆಯುತ್ತದೆ, ಉಪ್ಪು ಜಾಸ್ತಿಯಾದರೆ ಸುಕ್ಕಾಗುತ್ತದೆ.

ಹಾಗಾದರೆ ಬರೀ ನೀರಿನಲ್ಲಿಟ್ಟ ಆಲೂಗಡ್ಡೆಯ ಕೋಶ ಯಾಕೆ ಒಡೆಯಲಿಲ್ಲ? ಪೊರೆಯ ಹೊರಗೆ ಕೋಶಭಿತ್ತಿ ಇದೆ. ನೀರು ಒಳಗೆ ಬಂದಷ್ಟೂ ಪೊರೆ ಭಿತ್ತಿಯನ್ನು ಒತ್ತುತ್ತದೆ, ಭಿತ್ತಿ ತಡೆದು ನಿಲ್ಲಿಸುತ್ತದೆ. ಕಡ್ಡಿ ಬಿಗಿಯಾಗಿ ಲಟಕ್ಕನೆ ಮುರಿದದ್ದು ಆ ಒತ್ತಡದಿಂದಲೇ.

ಕುಂಡದ ಗಿಡಕ್ಕೆ ಒಮ್ಮೆಲೇ ಹಿಡಿ ಯೂರಿಯಾ ಹಾಕಿದರೆ, ಮಣ್ಣು ಒದ್ದೆಯಿದ್ದರೂ ಎಲೆ ಬಾಡಿ ಅಂಚು ಸುಟ್ಟಂತಾಗುತ್ತದೆ. ನೀರು ಯಾವ ಕಡೆ ಹೋಯಿತು? ಮಣ್ಣಿನ ನೀರು ಬೇರಿನ ಕೋಶದ ರಸಕ್ಕಿಂತ ಗಟ್ಟಿಯಾಯಿತು. ಬೇರಿಗೆ ನೀರು ಎಳೆದುಕೊಳ್ಳಲು ಆಗಲಿಲ್ಲ, ಇದ್ದದ್ದೂ ಹೊರಗೆ ಹೋಯಿತು. ಹೀಗಾದಾಗ ಕೂಡಲೇ ಕುಂಡಕ್ಕೆ ಧಾರಾಳವಾಗಿ ನೀರು ಸುರಿದು, ತಳದ ತೂತಿನಿಂದ ಗೊಬ್ಬರದ ನೀರು ಹರಿದುಹೋಗಲು ಬಿಡಿ.